ನಿಂತು ತಿನ್ನುವ ಕಾರು: ಹಳೆಯ ಗಾಡಿಯ ಒಂದು ಮೈಲಿಗೆ ನಿಜಕ್ಕೂ ಎಷ್ಟು ಬೀಳುತ್ತದೆ?

ಓದುಗರ ಪ್ರಶ್ನೆ: ನನ್ನ ಬಳಿ 1960ರ ದಶಕದ ಕಾರೊಂದಿದೆ. ಎರಡು ಸೀಟು, ತೆರೆದ ಮೇಲ್ಛಾವಣಿ, ನಾಲ್ಕು ಸಿಲಿಂಡರಿನ 1.8 ಲೀಟರ್ ಎಂಜಿನ್. ವರ್ಷಕ್ಕೆ 800 ಮೈಲಿಯಷ್ಟೇ ಓಡುತ್ತದೆ. ಕಳೆದ ವರ್ಷದ ಬಿಲ್ಲುಗಳನ್ನೆಲ್ಲ ಕೂಡಿಸಿ ಮೈಲಿಯಿಂದ ಭಾಗಿಸಿ ನೋಡಿದೆ. ಬಂದ ಮೊತ್ತ ಬರೀ ಪೆಟ್ರೋಲಿನ ಖರ್ಚಿನ ಸುಮಾರು ಹತ್ತು ಪಟ್ಟು! ನನ್ನ ಲೆಕ್ಕವೇ ತಪ್ಪಿದೆಯೇ? ಕಡಿಮೆ ಓಡಿಸಿದರೆ ಖರ್ಚು ಕಡಿಮೆ ಎಂದು ಗೆಳೆಯರು ಹೇಳುತ್ತಾರೆ, ನಿಜವೇ? ಮೈಲಿಯ ಖರ್ಚನ್ನು ಸರಿಯಾಗಿ ತೆಗೆಯುವುದು ಹೇಗೆ, ಇಳಿಸುವುದು ಹೇಗೆ?

ಉತ್ತರ:

ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ವರ್ಷಕ್ಕೆ 800 ಮೈಲಿ ಓಡುವ ಹಳೆಯ ಕಾರಿನ ಒಟ್ಟು ಖರ್ಚು ಪೆಟ್ರೋಲಿನ ಒಂಬತ್ತು ಹತ್ತು ಪಟ್ಟು ಬರುವುದು ಸಹಜ. ಗೆಳೆಯರ ಸಲಹೆ ಮಾತ್ರ ತಿರುವುಮುರುವು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎನ್ನುವ ಗಾದೆ ಹಳೆಯ ಕಾರಿಗೆ ಚೆನ್ನಾಗಿ ಒಪ್ಪುತ್ತದೆ. ಶೆಡ್ಡಿನಲ್ಲಿ ನಿಂತ ಕಾರೂ ದಿನಾ ತಿನ್ನುತ್ತಲೇ ಇರುತ್ತದೆ.

ಮೊದಲು ಖರ್ಚನ್ನು ಎರಡು ಗಂಟು ಮಾಡಿ. ಒಂದು, ಕ್ಯಾಲೆಂಡರ್ ನೋಡಿ ಬರುವ ಖರ್ಚು: ವಿಮೆ, ತೆರಿಗೆ, ತಪಾಸಣೆ, ನಿಲ್ಲಿಸುವ ಜಾಗ, ಹಾಗೇ ಓಡಲಿ ಬಿಡಲಿ ವಯಸ್ಸಾಗುವ ಟೈರು, ಬ್ಯಾಟರಿ, ರಬ್ಬರು, ಬ್ರೇಕ್ ಎಣ್ಣೆ, ಬಣ್ಣ. ಇನ್ನೊಂದು, ಮೈಲಿಮೀಟರ್ ನೋಡಿ ಬರುವ ಖರ್ಚು: ಪೆಟ್ರೋಲು, ಸುಡುವ ಎಂಜಿನ್ ಎಣ್ಣೆ, ಸವೆಯುವ ಕ್ಲಚ್ಚು, ಬ್ರೇಕ್ ಲೈನಿಂಗು, ಎಂಜಿನ್ನಿನ ಒಳಭಾಗ. ಮೊದಲನೆಯದನ್ನು ವರ್ಷದ ಮೈಲಿಯಿಂದ ಭಾಗಿಸಬೇಕು, ಎರಡನೆಯದನ್ನು ಹಾಗೆಯೇ ಕೂಡಿಸಬೇಕು. ಸೂತ್ರ ಇಷ್ಟೇ: ವರ್ಷದ ಸ್ಥಿರ ಖರ್ಚು ಭಾಗಿಸು ಮೈಲಿ, ಅದಕ್ಕೆ ಮೈಲಿಯೊಂದರ ಸವಕಳಿ ಖರ್ಚು.

ಹಣದ ಬೆಲೆ ಒಂದೊಂದು ಕಡೆ ಒಂದೊಂದು ತರ, ವರ್ಷದಿಂದ ವರ್ಷಕ್ಕೂ ಬದಲಾಗುತ್ತದೆ. ಆದ್ದರಿಂದ ಇಲ್ಲಿ ಒಂದು ಲೀಟರ್ ಪೆಟ್ರೋಲಿನ ಬೆಲೆಯನ್ನೇ ನಾಣ್ಯ ಮಾಡಿಕೊಳ್ಳೋಣ. 'ವಿಮೆಗೆ 120 ಲೀಟರ್' ಎಂದರೆ 120 ಲೀಟರ್ ಪೆಟ್ರೋಲಿಗೆ ಆಗುವಷ್ಟು ಹಣ. ಕೆಳಗಿನ ಅಂಕಿಗಳು ನಿಮ್ಮಂಥ ಕಾರಿಗೆ ಉದಾಹರಣೆಯಾಗಿ ಇಟ್ಟುಕೊಂಡವು. ನಿಮ್ಮ ಬಿಲ್ಲುಗಳನ್ನು ತಂದು ಆಯಾ ಜಾಗದಲ್ಲಿ ಕೂರಿಸಿ.

ಸ್ಥಿರ ಖರ್ಚು ಹೀಗಿರಲಿ. ವಿಮೆ 120. ನಿಲ್ಲಿಸುವ ಜಾಗ 300. ತೆರಿಗೆ ಮತ್ತು ತಪಾಸಣೆ 40. ಓಡಲಿ ಬಿಡಲಿ ವರ್ಷಕ್ಕೊಮ್ಮೆ ಎಂಜಿನ್ ಎಣ್ಣೆ, ಫಿಲ್ಟರ್ 50. ಎರಡು ವರ್ಷಕ್ಕೊಮ್ಮೆ ಬದಲಿಸುವ ಬ್ರೇಕ್ ಎಣ್ಣೆ ಮತ್ತು ಕೂಲಂಟಿನ ಅರ್ಧ ಪಾಲು 40. ಐದು ವರ್ಷ ಬಾಳುವ 100 ಲೀಟರ್ ಬೆಲೆಯ ಬ್ಯಾಟರಿಯಿಂದ ವರ್ಷಕ್ಕೆ 20. ಹತ್ತು ವರ್ಷಕ್ಕೆ ಎಸೆಯಬೇಕಾದ, 400 ಲೀಟರ್ ಬೆಲೆಯ ಟೈರು ಸೆಟ್ಟಿನಿಂದ 40. ಹೋಸು, ಬೆಲ್ಟು, ಬುಷ್ಷು, ಸೀಲುಗಳಿಗೆ 90. ಬಾಡಿ, ಬಣ್ಣ, ತುಕ್ಕಿಗಾಗಿ ಎತ್ತಿಡುವ ಹಣ 300. ಒಟ್ಟು 1000.

ಮೈಲಿಯೊಂದರ ಖರ್ಚು ಹೀಗೆ. ಲೀಟರಿಗೆ 10 ಕಿಲೋಮೀಟರ್ ಕೊಡುವ ಕಾರು ಮೈಲಿಗೆ, ಅಂದರೆ 1.609 ಕಿಲೋಮೀಟರಿಗೆ, 0.16 ಲೀಟರ್ ಕುಡಿಯುತ್ತದೆ. ಸಾವಿರ ಮೈಲಿಗೆ ಒಂದು ಲೀಟರ್ ಎಂಜಿನ್ ಎಣ್ಣೆ (ಬೆಲೆಯಲ್ಲಿ 5 ಲೀಟರ್ ಪೆಟ್ರೋಲು ಎಂದುಕೊಳ್ಳಿ) ಸುಟ್ಟರೆ 0.005. ಪ್ಲಗ್ಗು, ಪಾಯಿಂಟು, ಡಿಸ್ಟ್ರಿಬ್ಯೂಟರ್ ಕ್ಯಾಪು, ರೋಟರ್ ಎಂಬ ಕಿಡಿ ಹೊತ್ತಿಸುವ ಭಾಗಗಳು ಸೇರಿ 6000 ಮೈಲಿಗೆ 60 ಲೀಟರ್, ಅಂದರೆ 0.01. ಬ್ರೇಕ್ ಲೈನಿಂಗ್ 30,000 ಮೈಲಿಗೆ 240, ಅಂದರೆ 0.008. ಕ್ಲಚ್ 50,000 ಮೈಲಿಗೆ 500, ಅಂದರೆ 0.01. ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಒಂದು ಲಕ್ಷ ಮೈಲಿಗೆ 1700, ಅಂದರೆ 0.017. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟುವುದು 80,000 ಮೈಲಿಗೆ 4000, ಅಂದರೆ 0.05. ಒಟ್ಟು 0.26.

ಈಗ ಸೂತ್ರಕ್ಕೆ ಹಾಕಿ. 500 ಮೈಲಿ ಓಡಿದರೆ ಮೈಲಿಗೆ 2.26 ಲೀಟರ್. 800ಕ್ಕೆ 1.51. ಸಾವಿರಕ್ಕೆ 1.26. 2000 ಮೈಲಿಗೆ 0.76. 3000ಕ್ಕೆ 0.59. 800 ಮೈಲಿಯಲ್ಲಿ 1.51ಕ್ಕೆ ಪೆಟ್ರೋಲಿನ ಪಾಲು 0.16 ಮಾತ್ರ, ನೀವು ಕಂಡ 'ಹತ್ತು ಪಟ್ಟು' ಇಲ್ಲಿಂದಲೇ ಬಂದದ್ದು. 2000 ಮೈಲಿಗೆ ಹೋದರೆ ಮೈಲಿಯ ಖರ್ಚು ಸರಿಯಾಗಿ ಅರ್ಧಕ್ಕೆ ಇಳಿಯುತ್ತದೆ. ಅದಕ್ಕಾಗಿ ಕಾರಿನ ಒಂದು ನಟ್ಟನ್ನೂ ಮುಟ್ಟಬೇಕಾಗಿಲ್ಲ.

'ಮೈಲಿಗೆ ಕಡಿಮೆಯಾದರೂ ಒಟ್ಟು ಹಣ ಜಾಸ್ತಿ ಹೋಗುತ್ತದಲ್ಲ' ಎಂದು ಗೆಳೆಯರು ವಾದಿಸಬಹುದು. ಹೋಗುತ್ತದೆ. ಆದರೆ ಎಷ್ಟು? 800 ಮೈಲಿಯ ವರ್ಷಕ್ಕೆ 1208 ಲೀಟರ್, 2000 ಮೈಲಿಯ ವರ್ಷಕ್ಕೆ 1520. ಹೆಚ್ಚುವರಿ 1200 ಮೈಲಿಗೆ ಬಿದ್ದದ್ದು 312 ಲೀಟರ್, ಒಂದೊಂದಕ್ಕೆ 0.26. ಭಾನುವಾರ ಬೆಳಿಗ್ಗೆ ಗಾಡಿ ತೆಗೆಯಲೋ ಬೇಡವೋ ಎಂದು ಯೋಚಿಸುವಾಗ ನಿಮ್ಮ ಮುಂದೆ ಇರಬೇಕಾದ ಅಂಕಿ ಈ 0.26. 1.51ನ್ನು ನೋಡಿ ಹೆದರಿ ಕೀಲಿ ತೂಗುಹಾಕಿದರೆ ಸ್ಥಿರ ಖರ್ಚಿನ ಸಾವಿರ ಲೀಟರಿನಲ್ಲಿ ಒಂದು ಹನಿಯೂ ಉಳಿಯುವುದಿಲ್ಲ.

ಯಾವ ಭಾಗ ಯಾವ ಗಂಟಿಗೆ ಸೇರುತ್ತದೆ ಎಂದು ತಿಳಿಯಲು ಒಂದು ಸುಲಭ ದಾರಿ ಇದೆ. ಭಾಗದ ಆಯುಸ್ಸನ್ನು ಮೈಲಿಯಲ್ಲೂ ಬರೆಯಿರಿ, ವರ್ಷದಲ್ಲೂ ಬರೆಯಿರಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬರುವುದನ್ನು ಆ ಭಾಗದ ಗಡಿ ಮೈಲಿ ಎನ್ನೋಣ. ಟೈರು 25,000 ಮೈಲಿ ಅಥವಾ 10 ವರ್ಷ, ಗಡಿ ಮೈಲಿ 2500. ನೀವು ವರ್ಷಕ್ಕೆ 2500ಕ್ಕಿಂತ ಕಡಿಮೆ ಓಡಿಸುವವರಾದರೆ ಟೈರು ಸವೆದು ಹೋಗುವುದಿಲ್ಲ, ವಯಸ್ಸಾಗಿ ಹೋಗುತ್ತದೆ. ಎಂಜಿನ್ ಎಣ್ಣೆ 3000 ಮೈಲಿ ಅಥವಾ ಒಂದು ವರ್ಷ, ಗಡಿ 3000. ಫ್ಯಾನ್ ಬೆಲ್ಟು 30,000 ಮೈಲಿ ಅಥವಾ ಐದು ವರ್ಷ, ಗಡಿ 6000. ಬ್ರೇಕ್ ಎಣ್ಣೆಗೆ ಮೈಲಿಯ ಹಂಗೇ ಇಲ್ಲ, ಅದಕ್ಕೆ ಎರಡು ವರ್ಷವೇ ಲೆಕ್ಕ. 800 ಮೈಲಿಯಲ್ಲಿ ನೀವು ಈ ಎಲ್ಲ ಗಡಿಗಳ ಕೆಳಗಿದ್ದೀರಿ. ಅಂದರೆ ಕೊಂಡ ಟೈರಿನಲ್ಲಿ ಮೂರರಲ್ಲಿ ಎರಡು ಪಾಲನ್ನೂ ಎಣ್ಣೆಯಲ್ಲಿ ಮುಕ್ಕಾಲು ಪಾಲನ್ನೂ ಬಳಸದೆಯೇ ಎಸೆಯುತ್ತಿದ್ದೀರಿ. ಅವನ್ನು ಎಸೆಯದೆ ಇಟ್ಟುಕೊಂಡು ಉಳಿಸಲು ಮಾತ್ರ ಹೋಗಬೇಡಿ. ಟೈರಿನ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಮೂರೇ ಅಂಕಿ ಇದ್ದರೆ 2000ಕ್ಕೂ ಹಿಂದಿನದು, ನೋಡಲು ಎಷ್ಟೇ ಚೆನ್ನಾಗಿದ್ದರೂ ಆ ಟೈರಿನ ಮೇಲೆ ರಸ್ತೆಗೆ ಇಳಿಯಬೇಡಿ.

ಇಲ್ಲಿಯವರೆಗೆ ಸ್ಥಿರ ಖರ್ಚು ನಿಜಕ್ಕೂ ಸ್ಥಿರ ಎಂದುಕೊಂಡೆವು. ವಾಸ್ತವದಲ್ಲಿ ಓಡುವುದು ಕಡಿಮೆಯಾದಷ್ಟೂ ಅದು ಏರುತ್ತದೆ. ನಿಂತದ್ದಕ್ಕೇ ಬರುವ ರಿಪೇರಿಗಳು ಹಲವು. ಒಂದನ್ನು ಹತ್ತಿರದಿಂದ ನೋಡಿ.

ಡ್ರಮ್ ಬ್ರೇಕಿನ ಒಳಗೆ, ಶೂಗಳನ್ನು ಡ್ರಮ್ಮಿಗೆ ಒತ್ತಲು, ಹೆಬ್ಬೆರಳಿನಷ್ಟು ದಪ್ಪದ ವೀಲ್ ಸಿಲಿಂಡರ್ ಇರುತ್ತದೆ. ಡಾಟ್ 3, ಡಾಟ್ 4 ಬ್ರೇಕ್ ಎಣ್ಣೆಗಳು ಗಾಳಿಯ ತೇವವನ್ನು ಹೀರುತ್ತವೆ. ಡಬ್ಬಿಯ ಮುಚ್ಚಳದ ಉಸಿರುಗಂಡಿಯಿಂದಲೂ ರಬ್ಬರ್ ಹೋಸಿನ ಗೋಡೆಯಿಂದಲೂ ತೇವ ಒಳಗೆ ಹೋಗುತ್ತದೆ. ಪೆಡಲ್ ತುಳಿಯದ ಗಾಡಿಯಲ್ಲಿ ಎಣ್ಣೆ ಕದಲದೆ ನಿಂತಿರುತ್ತದೆ, ಎರಕದ ಕಬ್ಬಿಣದ ಸಿಲಿಂಡರಿನ ಒಳಮೈಯಲ್ಲಿ, ಸೀಲಿನ ತುಟಿಯ ಹತ್ತಿರ, ಸೂಜಿಮೊನೆಯಷ್ಟು ತುಕ್ಕಿನ ಗುಳಿಗಳು ಬೀಳುತ್ತವೆ. ಆರು ತಿಂಗಳ ಮೇಲೆ ಪೆಡಲ್ ಒತ್ತಿದಾಗ ರಬ್ಬರಿನ ತುಟಿ ಆ ಗುಳಿಗಳ ಮೇಲೆ ಉಜ್ಜಿಕೊಂಡು ಹರಿಯುತ್ತದೆ. ಮೊದಲು ಧೂಳಿನ ರಬ್ಬರ್ ಮುಸುಕು ಒದ್ದೆಯಾಗುತ್ತದೆ, ಆಮೇಲೆ ಎಣ್ಣೆ ಲೈನಿಂಗಿಗೆ ಇಳಿಯುತ್ತದೆ. ಎಣ್ಣೆ ಕುಡಿದ ಲೈನಿಂಗನ್ನು ತೊಳೆದು ಬಳಸುವಂತಿಲ್ಲ. ಒಂದೇ ಕಡೆ ಬದಲಿಸಿದರೆ ಬ್ರೇಕ್ ಒಂದು ಬದಿಗೆ ಎಳೆಯುತ್ತದೆ, ಹಾಗಾಗಿ ಎರಡೂ ಚಕ್ರಕ್ಕೆ ಹೊಸ ಲೈನಿಂಗ್ ಬೇಕು. ಒಂದು ಚಿಕ್ಕ ಸಿಲಿಂಡರಿನ ಜಾಗದಲ್ಲಿ ಎರಡು ಸಿಲಿಂಡರ್, ನಾಲ್ಕು ಶೂ, ಒಂದು ಲೀಟರ್ ಎಣ್ಣೆ, ಅರ್ಧ ದಿನದ ಕೂಲಿ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ ಹಾಗಾಯಿತು.

ತಡೆಯುವುದು ಸುಲಭ. ಎರಡು ವರ್ಷಕ್ಕೊಮ್ಮೆ ಹಳೆಯ ಎಣ್ಣೆಯನ್ನು ಪೂರ್ತಿ ಹೊರಗೆ ತಳ್ಳಿ. ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡಿ ಹತ್ತಿರದ ಚಕ್ರದಲ್ಲಿ ಮುಗಿಸಿ. ಎಣ್ಣೆ ಹೊರಬಿಡುವ ಬ್ಲೀಡ್ ನಿಪ್ಪಲಿಗೆ ಪಾರದರ್ಶಕ ಕೊಳವೆ ಹಾಕಿ, ಕಂದು ಬಣ್ಣ ಹೋಗಿ ತಿಳಿ ಎಣ್ಣೆ ಬರುವವರೆಗೆ ಬಿಡಿ. ಒಂದು ಲೀಟರ್ ಸಾಕು. ಡಬ್ಬಿ ಅರ್ಧಕ್ಕಿಂತ ಕೆಳಗೆ ಇಳಿಯದ ಹಾಗೆ ತುಂಬುತ್ತಲೇ ಇರಿ, ಇಲ್ಲದಿದ್ದರೆ ಗಾಳಿ ಹೊಕ್ಕು ಕೆಲಸ ಮೊದಲಿನಿಂದ ಶುರುವಾಗುತ್ತದೆ. ಹೊಸ ಡಾಟ್ 4 ಎಣ್ಣೆಯ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ಶೇ. 3.7ರಷ್ಟು ನೀರು ಸೇರಿದ ಮೇಲೆ ಅದಕ್ಕೆ ಉಳಿಯಬೇಕಾದ ಕನಿಷ್ಠ ಮಿತಿ ಬರೀ 155. ಘಾಟಿ ಇಳಿಯುವಾಗ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಪೆಡಲ್ ನೆಲಕ್ಕೆ ತಾಗಿದವರಿಗೆ ಗೊತ್ತು. ಡಾಟ್ 5 ಎಂಬ ಸಿಲಿಕೋನ್ ಎಣ್ಣೆ ತೇವ ಹೀರುವುದಿಲ್ಲ, ಚೆಲ್ಲಿದರೆ ಬಣ್ಣವೂ ಏಳುವುದಿಲ್ಲ. ಆದರೆ ಹಳೆಯದರ ಜೊತೆ ಬೆರೆಯುವುದಿಲ್ಲ, ಸೀಲುಗಳೆಲ್ಲ ಹೊಸದಾಗಿ ಹಾಕುವ ಸಂದರ್ಭದಲ್ಲಿ ಮಾತ್ರ ಅದಕ್ಕೆ ಬದಲಾಯಿಸಿ.

ಇನ್ನೊಂದು ದೊಡ್ಡ ನಷ್ಟ ಒಳ್ಳೆಯ ಉದ್ದೇಶದಿಂದಲೇ ಆಗುತ್ತದೆ. 'ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡುತ್ತೇನೆ' ಎನ್ನುವವರು ಬಹಳ ಮಂದಿ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಲೀಟರ್ ಪೆಟ್ರೋಲು ಉರಿದರೆ ಹತ್ತಿರಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಸೈಲೆನ್ಸರ್ ಬಿಸಿಯಾಗದೆ ಇದ್ದರೆ ಆ ಆವಿ ಅಲ್ಲೇ ತಣಿದು ನೀರಾಗಿ, ಆಮ್ಲದ ಜೊತೆ ಸೇರಿ ತಗಡನ್ನು ಒಳಗಿನಿಂದ ತಿನ್ನುತ್ತದೆ. ಹಿಂದಿನ ಸೈಲೆನ್ಸರೇ ಮೊದಲು ತೂತು ಬೀಳುವುದು ಇದರಿಂದಲೇ, ಅದು ಎಂಜಿನ್ನಿನಿಂದ ದೂರ, ಕೊನೆಗೆ ಬಿಸಿಯಾಗುವುದು ಅದೇ. ಪಿಸ್ಟನ್ ರಿಂಗು ದಾಟಿದ ಆವಿ ಎಂಜಿನ್ ಎಣ್ಣೆಗೂ ಸೇರುತ್ತದೆ. ಎಣ್ಣೆ ತುಂಬುವ ಮುಚ್ಚಳ ಬಿಚ್ಚಿದಾಗ ಒಳಗೆ ಬೆಣ್ಣೆಯಂಥ ಬಿಳಿ ಕೆನೆ ಕಂಡರೆ ಅದು ಇದೇ ನೀರು. ಜೊತೆಗೆ ಚೋಕ್ ಎಳೆದಿರುವಾಗ ಸುಡದ ಪೆಟ್ರೋಲು ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದುಬಿಡುತ್ತದೆ. ನೀರಿನ ಬಿಸಿ ತೋರಿಸುವ ಮುಳ್ಳು ಮಧ್ಯಕ್ಕೆ ಬಂದ ಮಾತ್ರಕ್ಕೆ ಎಣ್ಣೆ ಬಿಸಿಯಾಗಿದೆ ಎಂದಲ್ಲ, ಎಣ್ಣೆ ನಿಧಾನ. ರಸ್ತೆಯಲ್ಲಿ ಅರ್ಧ ಗಂಟೆ, ಸುಮಾರು 20 ಮೈಲಿ, ಓಡಿಸಿದ ಮೇಲಷ್ಟೇ ಎಣ್ಣೆಯೊಳಗಿನ ನೀರು ಆರಿ ಹೋಗುತ್ತದೆ, ಸೈಲೆನ್ಸರ್ ಒಣಗುತ್ತದೆ.

ಹಾಗಾಗಿ ಎರಡು ವಾರಕ್ಕೊಮ್ಮೆ 20ರಿಂದ 30 ಮೈಲಿ, ಒಂದೇ ಓಟದಲ್ಲಿ. ಇದು ವರ್ಷಕ್ಕೆ 520ರಿಂದ 780 ಮೈಲಿ ಆಗುತ್ತದೆ. ನಿಮ್ಮ 800 ಮೈಲಿ ಹೀಗೆ ಹರಡಿದ್ದರೆ ಕಾರಿನ ಆರೋಗ್ಯ ಚೆನ್ನಾಗಿಯೇ ಇರುತ್ತದೆ. ಎರಡು ಮೂರು ಮೈಲಿಯ ಮುನ್ನೂರು ಚಿಕ್ಕ ಓಟಗಳಾಗಿದ್ದರೆ ಅದೇ 800 ಮೈಲಿ ಕಾರನ್ನು ಕೊಲ್ಲುತ್ತದೆ. ಹಾಗೆಯೇ ಬೇಸಿಗೆಯ ಒಂದೇ ತಿಂಗಳಲ್ಲಿ 800 ಮುಗಿಸಿ ಹನ್ನೊಂದು ತಿಂಗಳು ಮಲಗಿಸಿದರೂ ಅಷ್ಟೇ.

ಪೆಟ್ರೋಲಿನ ವಿಚಾರ. ಕಾರ್ಬ್ಯುರೇಟರಿನ ಫ್ಲೋಟ್ ಬಟ್ಟಲಿನ ಪೆಟ್ರೋಲು ಕೆಲವು ವಾರದಲ್ಲಿ ಆವಿಯಾಗಿ ಅಂಟು ಉಳಿಸುತ್ತದೆ, ಅದು ಜೆಟ್ಟಿನ ತೂತನ್ನು ಕಟ್ಟುತ್ತದೆ. ಎಥನಾಲ್ ಬೆರೆತ ಪೆಟ್ರೋಲು ತೇವ ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಮತ್ತು ಲೀಟರಿಗೆ ಶಕ್ತಿಯೂ ಕಡಿಮೆ. ಶೇ. 10 ಎಥನಾಲ್ ಇದ್ದರೆ ಶೇ. 3ರಷ್ಟು ಹೆಚ್ಚು ಕುಡಿಯುತ್ತದೆ, ಲೆಕ್ಕದಲ್ಲಿ ಇದು ನಗಣ್ಯ. ಹೋಸು ನಗಣ್ಯವಲ್ಲ. ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗಿನ ಎಲ್ಲ ರಬ್ಬರ್ ಹೋಸನ್ನೂ ಬೆರಳಲ್ಲಿ ಬಾಗಿಸಿ ನೋಡಿ. ಬಿರುಕು ಕಂಡರೆ, ಮೃದುವಾಗಿ ಅಂಟಂಟಾದರೆ, ಒರೆಸಿದ ಬಟ್ಟೆಗೆ ಕಪ್ಪು ಹತ್ತಿದರೆ ಅವತ್ತೇ ಬದಲಿಸಿ. ಮೈಮೇಲೆ 'ಆರ್9' ಮುದ್ರೆ ಇರುವ ಹೋಸು ಎಥನಾಲ್ ತಡೆಯುತ್ತದೆ. ಕ್ಲಿಪ್ಪು ಸ್ಕ್ರೂ ಹಲ್ಲಿನದಾಗುವ ಬದಲು ದುಂಡು ಅಂಚಿನದಾಗಲಿ, ಹಲ್ಲು ಸಣ್ಣ ಹೋಸನ್ನು ಕತ್ತರಿಸುತ್ತದೆ. ಇಡೀ ಕಾರಿಗೆ ಬೇಕಾಗುವುದು ಎರಡು ಮೂರು ಮೀಟರು. ಐದು ವರ್ಷಕ್ಕೊಮ್ಮೆ ಕಣ್ಣುಮುಚ್ಚಿ ಬದಲಿಸುವ ಈ ಕೆಲಸದ ಪಾಲು ಮೈಲಿಗೆ ಲೆಕ್ಕಕ್ಕೇ ಸಿಗದಷ್ಟು ಚಿಕ್ಕದು. ಬಿಟ್ಟರೆ ಬಿಸಿ ಎಕ್ಸಾಸ್ಟಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿ ಕಾರೇ ಉರಿದುಹೋಗುತ್ತದೆ.

ತಿಂಗಳುಗಟ್ಟಲೆ ನಿಲ್ಲಿಸಲೇಬೇಕಾದರೆ: ಎಂಜಿನ್ ಎಣ್ಣೆಯನ್ನು ನಿಲ್ಲಿಸುವ ಮುಂಚೆ ಬದಲಿಸಿ, ಹಳೆಯ ಎಣ್ಣೆಯ ಆಮ್ಲ ಬೇರಿಂಗಿನ ಮೇಲೆ ಕೂರದಿರಲಿ. ಟ್ಯಾಂಕ್ ತುಂಬಿಸಿ, ಪೆಟ್ರೋಲು ಕೆಡದಂತೆ ತಡೆಯುವ ಸ್ಟೆಬಿಲೈಸರ್ ಹಾಕಿ. ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರಕ್ಕೆ ಮರದ ಅಡ್ಡ ಕೊಡಿ, ಇಲ್ಲದಿದ್ದರೆ ಶೂ ಡ್ರಮ್ಮಿಗೆ ಅಂಟುತ್ತದೆ. ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟದಂತೆ ಪೆಡಲ್ ಮತ್ತು ಸೀಟಿನ ನಡುವೆ ಕೋಲು ಕೊಟ್ಟು ಒತ್ತಿಡಿ. ಬ್ಯಾಟರಿ 12.4 ವೋಲ್ಟಿಗಿಂತ ಇಳಿದು ನಿಂತರೆ ಪ್ಲೇಟಿನ ಮೇಲೆ ಗಟ್ಟಿ ಸಲ್ಫೇಟ್ ಕಟ್ಟುತ್ತದೆ. ತುಂಬಿದ ಬ್ಯಾಟರಿ 12.6ಕ್ಕಿಂತ ಮೇಲೆ ತೋರಿಸಬೇಕು, ಅದನ್ನು ಕಾಯಲು ಚಿಕ್ಕ ಸ್ವಯಂಚಾಲಿತ ಚಾರ್ಜರ್ ಸಾಕು.

ಹೀಗೆ ಕಾಪಾಡದ ಗಾಡಿಯಲ್ಲಿ ಕಾರ್ಬ್ಯುರೇಟರ್ ತೊಳೆಯುವುದು, ಬ್ರೇಕ್ ಬಿಚ್ಚುವುದು ಎಂದು ವರ್ಷಕ್ಕೆ ಸರಾಸರಿ 80 ಲೀಟರ್ ಹೋಗುತ್ತದೆ ಎಂದಿಟ್ಟುಕೊಳ್ಳಿ. ಓಡಿಸಿದ್ದರಿಂದ ಆ 80 ಉಳಿದರೆ, ಮೇಲಿನ ಹೆಚ್ಚುವರಿ 1200 ಮೈಲಿಯ ಖರ್ಚು 312ರಿಂದ 232ಕ್ಕೆ ಇಳಿಯಿತು, ಮೈಲಿಗೆ 0.19. ಬರೀ ಪೆಟ್ರೋಲಿನ ಬೆಲೆಗಿಂತ ತುಸು ಹೆಚ್ಚು, ಅಷ್ಟೇ.

ಲೆಕ್ಕದ ಇನ್ನೊಂದು ತುದಿ ನೋಡಬೇಕೆಂದರೆ ಅಮೆರಿಕದ ಶಾಲಾ ಮೇಷ್ಟ್ರು ಅರ್ವ್ ಗಾರ್ಡನ್ ಅವರ ವೋಲ್ವೊ ಪಿ1800 ಇದೆ. 1966ರಲ್ಲಿ ಕೊಂಡ ಆ ಕಾರು 2013ರಲ್ಲಿ 30 ಲಕ್ಷ ಮೈಲಿ ಮುಟ್ಟಿತು. 47 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 64,000 ಮೈಲಿ. ನಮ್ಮ ಉದಾಹರಣೆಯ ಸಾವಿರ ಲೀಟರ್ ಸ್ಥಿರ ಖರ್ಚನ್ನು ಅದಕ್ಕೆ ಭಾಗಿಸಿದರೆ ಮೈಲಿಗೆ 0.016. ಅಲ್ಲಿ ಪೆಟ್ರೋಲು ಮತ್ತು ಎಂಜಿನ್ ಸವಕಳಿಯೇ ದೊಡ್ಡ ಖರ್ಚು, ಶೆಡ್ಡು ಲೆಕ್ಕಕ್ಕೇ ಇಲ್ಲ. ನಿಮ್ಮದು ಇದರ ತದ್ವಿರುದ್ಧ ತುದಿ, ಆದ್ದರಿಂದ ನಿಮ್ಮ ಉಳಿತಾಯದ ದಾರಿಯೂ ಬೇರೆ.

ಉಳಿತಾಯಕ್ಕೆಂದು ಜನ ಮೊದಲು ಕೈ ಹಾಕುವುದು ಪೆಟ್ರೋಲಿಗೆ. 800 ಮೈಲಿಗೆ ನೀವು ಕುಡಿಸುವುದು 128 ಲೀಟರ್. ಟ್ಯೂನಿಂಗಿನಿಂದ ಶೇ. 20 ಉಳಿಸಿದರೂ ಸಿಗುವುದು 26 ಲೀಟರ್, ಒಟ್ಟು ಖರ್ಚಿನ ಶೇ. 2. ಓವರ್‌ಡ್ರೈವ್ ಗೇರ್‌ಬಾಕ್ಸ್ (ಅದೇ ವೇಗದಲ್ಲಿ ಎಂಜಿನ್ ನಿಧಾನ ತಿರುಗುವಂತೆ ಮಾಡುವುದು) ಹಾಕಿಸಿದರೆ ಪೆಟ್ರೋಲು ಉಳಿಯುತ್ತದೆ ಎನ್ನುವುದು ನಿಜ. ಆದರೆ 800 ಲೀಟರ್ ಬೆಲೆ ಕೊಟ್ಟು ಹಾಕಿಸಿ, 2000 ಮೈಲಿ ಓಡಿ, ಶೇ. 8 ಉಳಿಸಿದರೂ ವರ್ಷಕ್ಕೆ ಬರುವುದು 26 ಲೀಟರ್, ಹಣ ಮರಳಲು 30 ವರ್ಷ. ಹೆದ್ದಾರಿಯಲ್ಲಿ ಎಂಜಿನ್ ಶಾಂತವಾಗಿರಲಿ ಎಂದು ಹಾಕಿಸಿ, ಅದು ಒಳ್ಳೆಯ ಕಾರಣ. ಉಳಿತಾಯವೆಂದು ಮಾತ್ರ ಹಾಕಿಸಬೇಡಿ.

ನಿಮ್ಮ ದೊಡ್ಡ ತುಂಡುಗಳು ಮೂರು: ಜಾಗ, ಬಾಡಿ, ವಿಮೆ. ಕಾರು ನಿಮ್ಮದೇ ಶೆಡ್ಡಿನಲ್ಲಿದ್ದು ಆ ಜಾಗದಿಂದ ಬೇರೆ ಆದಾಯವಿಲ್ಲ ಎಂದಾದರೆ 300ನ್ನು ಸೊನ್ನೆ ಮಾಡಿ, 800 ಮೈಲಿಗೆ 1.51 ಇದ್ದದ್ದು 1.14ಕ್ಕೆ ಬರುತ್ತದೆ. ಬಾಡಿಗೆಯ ಜಾಗವಾದರೆ ಒಣಗಿದ್ದು ಗಾಳಿಯಾಡುವಂತಿದ್ದರೆ ಸಾಕು. ಪ್ಲಾಸ್ಟಿಕ್ ಹೊದಿಕೆಯೊಳಗೆ ತೇವ ಕಟ್ಟಿ ತುಕ್ಕು ಹೆಚ್ಚುತ್ತದೆ, ಉಸಿರಾಡುವ ಬಟ್ಟೆಯ ಹೊದಿಕೆ ಇರಲಿ. ಮಿತ ಮೈಲಿಯ, ಮೊದಲೇ ಒಪ್ಪಿದ ಮೌಲ್ಯದ ವಿಮೆ ಸಿಗುವಲ್ಲಿ ಅದನ್ನೇ ತೆಗೆದುಕೊಳ್ಳಿ. ಆದರೆ ಮೈಲಿಯ ಮಿತಿಯನ್ನು ನಿಮ್ಮ ಹೊಸ ಗುರಿಗೆ ಹೊಂದಿಸಿ, 1000ದ ಮಿತಿಯ ಪಾಲಿಸಿ ಇಟ್ಟುಕೊಂಡು 2000 ಓಡಿಸಿದರೆ ಅಪಘಾತದ ದಿನ ತಕರಾರು ಬರುತ್ತದೆ. ಬಾಡಿಯ ಖರ್ಚು ಇಳಿಸುವ ಅಗ್ಗದ ಕೆಲಸ ನೀರಿನ ದಾರಿ ತೆರೆಯುವುದು: ಬಾಗಿಲಿನ ಕೆಳಗಿನ ತೂತುಗಳು, ಬಾಗಿಲ ಹೊಸ್ತಿಲಿನಂಥ ಟೊಳ್ಳು ಸಿಲ್ಲಿನ ತೂತುಗಳು, ಮುಂದಿನ ಗಾಜಿನ ಕೆಳಗಿನ ಗಾಳಿ ಪೆಟ್ಟಿಗೆಯ ಕೊಳವೆ. ವರ್ಷಕ್ಕೊಮ್ಮೆ ತಂತಿ ಆಡಿಸಿ ಎಲೆ, ಮಣ್ಣು ತೆಗೆಯಿರಿ. ಸಿಲ್ಲಿನೊಳಗೆ ಮೇಣದಂಥ ತುಕ್ಕು ನಿರೋಧಕವನ್ನು ಉದ್ದ ನಳಿಕೆಯಿಂದ ಸಿಂಪಡಿಸಿ. ಬೆಸುಗೆಯ ಒಂದು ದಿನದ ಕೂಲಿಗೆ ಹತ್ತು ವರ್ಷದ ಮೇಣ ಬರುತ್ತದೆ.

ಎಂಜಿನ್ನಿನಲ್ಲಿ ಎರಡು ಕಡೆ ಜಿಪುಣತನ ಬೇಡ. ಮೊದಲನೆಯದು ಎಣ್ಣೆ. ಆ ಕಾಲದ ಕ್ಯಾಮ್‌ಶಾಫ್ಟ್ ಚಪ್ಪಟೆ ಟ್ಯಾಪೆಟ್ಟಿನ ಮೇಲೆ ಜಾರುತ್ತದೆ, ಅವೆರಡರ ನಡುವೆ ಸತು ಮತ್ತು ರಂಜಕದ ಸಂಯುಕ್ತವೊಂದು ಪದರವಾಗಿ ನಿಲ್ಲಬೇಕು. ಈಗಿನ ಕಾರುಗಳ ತೆಳು ಎಣ್ಣೆಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲೆಂದು ರಂಜಕವನ್ನು ಹತ್ತು ಲಕ್ಷಕ್ಕೆ 800 ಪಾಲಿಗೆ ಮಿತಿಗೊಳಿಸಿದ್ದಾರೆ. ಹಳೆಯ ಎಂಜಿನ್ನಿಗೆ 1000ದಿಂದ 1200 ಪಾಲು ಇರುವ 20ಡಬ್ಲ್ಯೂ-50 ದರ್ಜೆಯ ದಪ್ಪ ಎಣ್ಣೆ ನೋಡಿ ಹಾಕಿ. ಬೆಲೆಯ ವ್ಯತ್ಯಾಸ ವರ್ಷಕ್ಕೆ ಕೆಲವು ಲೀಟರ್, ತಪ್ಪಿದರೆ ಸವೆಯುವುದು ಕ್ಯಾಮ್‌ಶಾಫ್ಟ್.

ಎರಡನೆಯದು ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು. ಇದು ನೀವೇ ಮಾಡುವ ಕೆಲಸ, ಎಂಟು ವಾಲ್ವಿಗೆ ಒಂದು ಗಂಟೆ. ಮೋರಿಸ್ ಮೈನರಿನ ಎ ಸರಣಿಯ ಎಂಜಿನ್ನಿನಂಥವಕ್ಕೆ ಒಂಬತ್ತರ ಲೆಕ್ಕ ಅನ್ವಯಿಸುತ್ತದೆ. 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದನ್ನು ಹೊಂದಿಸಿ, 6 ತೆರೆದಾಗ 3ನ್ನು, ಹೀಗೆ ಎರಡರ ಮೊತ್ತ ಯಾವಾಗಲೂ 9. ಅಲ್ಲಿ ತಣ್ಣಗಿರುವಾಗ 0.012 ಇಂಚು, ನಿಮ್ಮ ಎಂಜಿನ್ನಿನ ಅಳತೆಯನ್ನು ಕೈಪಿಡಿಯಲ್ಲಿ ನೋಡಿ. ಹೊಂದಿಸುವ ಮುಂಚೆ ಇದ್ದ ಅಳತೆಯನ್ನು ಬರೆದಿಡುವುದು ಇನ್ನೂ ಮುಖ್ಯ. ಸೀಸವಿಲ್ಲದ ಪೆಟ್ರೋಲಿನಲ್ಲಿ ಮೆತ್ತನೆಯ ಎಕ್ಸಾಸ್ಟ್ ವಾಲ್ವ್ ಸೀಟು, ಅಂದರೆ ವಾಲ್ವ್ ಮುಚ್ಚಿ ಕೂರುವ ಜಾಗ, ಒಳಗೆ ಕುಸಿಯುತ್ತದೆ ಎಂಬ ಭಯಕ್ಕೆ ಎಷ್ಟೋ ಜನ ಸರಿಯಿರುವ ಸಿಲಿಂಡರ್ ಹೆಡ್ಡನ್ನು ಬಿಚ್ಚಿಸಿ ಗಟ್ಟಿ ಸೀಟು ಹಾಕಿಸುತ್ತಾರೆ. ಸೀಟು ಕುಸಿಯುತ್ತಿದ್ದರೆ ಎಕ್ಸಾಸ್ಟ್ ವಾಲ್ವಿನ ಸಂದು ಪ್ರತಿ ಸಲ ಚಿಕ್ಕದಾಗುತ್ತಾ ಬರುತ್ತದೆ. 0.012ಕ್ಕೆ ಇಟ್ಟದ್ದು ಮುಂದಿನ ಸಲ 0.008 ಸಿಕ್ಕರೆ ಎಚ್ಚರವಾಗಿ. ಸಂದು ಕದಲದೆ ಇದ್ದರೆ ಆ ಹಣ ಜೇಬಲ್ಲೇ ಇರಲಿ. ಬೇರೆ ಕಾರಣಕ್ಕೆ ಹೆಡ್ ಇಳಿದಾಗ ಹಾಕಿಸಿದರಾಯಿತು.

ಕಾರಿನ ಜಾತಿಯೂ ಲೆಕ್ಕ ಬದಲಿಸುತ್ತದೆ. ಎಂಜಿಬಿ, ಬೀಟಲ್, ಮೈನರ್ ಲಕ್ಷಗಟ್ಟಲೆ ತಯಾರಾದವು, ಭಾಗಗಳು ಇಂದಿಗೂ ಸಿಗುತ್ತವೆ. ಎಂಜಿಬಿಗಂತೂ ಹೊಸ ಬಾಡಿಯನ್ನೇ 1988ರಿಂದ ಮತ್ತೆ ತಯಾರಿಸಿದರು. ಇದಕ್ಕೆ ವಿರುದ್ಧವಾಗಿ ಫೆರಾರಿ ಟೆಸ್ಟರೋಸಾದಂಥ ಕಾರಿನಲ್ಲಿ ಟೈಮಿಂಗ್ ಬೆಲ್ಟು ಬದಲಿಸಲು ಎಂಜಿನ್ನನ್ನೇ ಕೆಳಗೆ ಇಳಿಸಬೇಕು, ಮತ್ತು ಬೆಲ್ಟಿನ ಗಡುವು ವರ್ಷದಲ್ಲಿ. ಐದು ವರ್ಷಕ್ಕೊಮ್ಮೆ ಎಂದರೂ ವರ್ಷಕ್ಕೆ 500 ಮೈಲಿ ಓಡಿಸುವವರು 2500 ಮೈಲಿಗೊಮ್ಮೆ ಎಂಜಿನ್ ಇಳಿಸಿದ ಲೆಕ್ಕ. ಸಿಟ್ರಾನ್ ಡಿಎಸ್ ಕೊಳ್ಳುವವರು ಹೈಡ್ರಾಲಿಕ್ ಎಣ್ಣೆ ಹಳೆಯ ಕೆಂಪೋ ಆಮೇಲಿನ ಹಸಿರೋ ಎಂದು ನೋಡಲೇಬೇಕು, ಒಂದರ ಜಾಗದಲ್ಲಿ ಇನ್ನೊಂದನ್ನು ಸುರಿದರೆ ಇಡೀ ವ್ಯವಸ್ಥೆಯ ಸೀಲುಗಳು ಹೋಗುತ್ತವೆ.

ಲೆಕ್ಕದ ಪುಸ್ತಕಕ್ಕೆ ಬರೋಣ. ದಿನಾಂಕ, ಮೈಲಿ, ಮೊತ್ತ, ಮತ್ತು ಮೂರು ಕಾಲಂ: ಕಾಲ, ಮೈಲಿ, ಬಂಡವಾಳ. ಕಾರನ್ನು ನೀವು ಕೊಂಡ ದಿನದ ಸ್ಥಿತಿಗೆ ಮರಳಿಸುವ ಖರ್ಚೆಲ್ಲ ಮೊದಲೆರಡರಲ್ಲಿ. ಅದಕ್ಕಿಂತ ಚೆನ್ನಾಗಿ ಮಾಡುವ ಖರ್ಚು, ಅಂದರೆ ಪೂರ್ತಿ ಬಣ್ಣ, ಹೊಸ ಚರ್ಮದ ಸೀಟು, ಬಂಡವಾಳದಲ್ಲಿ. ಪುನರುಜ್ಜೀವನದ ಬಿಲ್ಲನ್ನು ಒಂದೇ ವರ್ಷದ ಮೈಲಿಗೆ ಹೇರಿದರೆ ಬರುವ ಅಂಕಿಗೆ ಅರ್ಥವೇ ಇರುವುದಿಲ್ಲ. ಹಾಗೆಯೇ ಕಾರಿನ ಬೆಲೆ ಏರಿದೆ ಎಂದು ಅದನ್ನು ಓಡಿಸುವ ಖರ್ಚಿನಿಂದ ಕಳೆಯಬೇಡಿ, ಮಾರುವವರೆಗೆ ಅದು ಕಾಗದದ ಮೇಲಿನ ಹಣ. ನಿಮ್ಮ ಕೈಕೆಲಸವನ್ನು ಗಂಟೆಯಲ್ಲಿ ಬರೆಯಿರಿ, ಹಣದಲ್ಲಿ ಬೇಡ. ಒಂದು ವರ್ಷದ ಅಂಕಿ ಯಾವತ್ತೂ ದಾರಿ ತಪ್ಪಿಸುತ್ತದೆ, ಕ್ಲಚ್ ಹಾಕಿದ ವರ್ಷ ಎತ್ತರ, ಮರುವರ್ಷ ತಗ್ಗು. ಐದು ವರ್ಷದ ಸರಾಸರಿ ನೋಡಿ.

ಮೈಲಿಮೀಟರನ್ನು ನಂಬುವ ಮುಂಚೆ ಪರೀಕ್ಷಿಸಿ. ಸ್ಮಿತ್ಸ್ ಕಂಪನಿಯ ಹಳೆಯ ಮೀಟರಿನ ಮುಖದಲ್ಲಿ 1000, 1280 ಎಂಬಂಥ ಚಿಕ್ಕ ಅಂಕಿ ಕಾಣುತ್ತದೆ. ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ತಿರುಗಬೇಕೆಂದು ಅದು ಹೇಳುತ್ತದೆ. ಯಾರೋ ಹಿಂದೆ ಬೇರೆ ಅನುಪಾತದ ಆಕ್ಸಲ್ ಅಥವಾ ಚಿಕ್ಕ ಟೈರು ಹಾಕಿದ್ದರೆ ಲೆಕ್ಕ ಕೆಡುತ್ತದೆ. ಫೋನಿನ ಜಿಪಿಎಸ್ ಹಾಕಿ 10 ಮೈಲಿ ಓಡಿಸಿ. ಮೀಟರು 10.5 ತೋರಿಸಿದರೆ ನಿಮ್ಮ 800 ಮೈಲಿ ನಿಜಕ್ಕೆ 762. ಪೆಟ್ರೋಲಿಗೂ ಟ್ಯಾಂಕಿನ ಬಾಯಿವರೆಗೆ ತುಂಬಿಸಿ ಮತ್ತೆ ಬಾಯಿವರೆಗೆ ತುಂಬಿಸುವ ವಿಧಾನವೇ ಸರಿ, ಮೂರು ಟ್ಯಾಂಕಿನ ಸರಾಸರಿ ಹಿಡಿಯಿರಿ. ಕಿಲೋಮೀಟರಿನ ಖರ್ಚು ಬೇಕಾದರೆ ಮೈಲಿಯದನ್ನು 1.609ರಿಂದ ಭಾಗಿಸಿ.

ನಿಮಗೆ ಮುಂದಿನ ವರ್ಷಕ್ಕೆ ಹೇಳುವುದಿಷ್ಟು. ಮೊದಲ ವಾರ ಪೆಟ್ರೋಲ್ ಹೋಸು, ಬ್ರೇಕ್ ಎಣ್ಣೆ, ಟೈರಿನ ತಾರೀಕು ನೋಡಿ. ವಿಮೆಯ ಮೈಲಿ ಮಿತಿಯನ್ನು ಏರಿಸಿಕೊಳ್ಳಿ. ಆಮೇಲೆ ವಾರಕ್ಕೆ 40 ಮೈಲಿಯ ಒಂದು ಓಟ ಇಟ್ಟುಕೊಳ್ಳಿ, 50 ವಾರಕ್ಕೆ 2000 ಆಗುತ್ತದೆ. 0.26ರಲ್ಲಿ ಪೆಟ್ರೋಲು ಕಳೆದು ಉಳಿಯುವ 0.10ನ್ನು ಓಡಿದ ಪ್ರತಿ ಮೈಲಿಗೂ ಬೇರೆ ಡಬ್ಬಿಯಲ್ಲಿ ಹಾಕುತ್ತಾ ಬನ್ನಿ, ವರ್ಷಕ್ಕೆ 200 ಲೀಟರ್. ಪ್ಲಗ್ಗು, ಎಣ್ಣೆಯ ಚಿಲ್ಲರೆ ಖರ್ಚು ಅದರಿಂದಲೇ ಹೋಗಲಿ. ಐದನೇ ವರ್ಷಕ್ಕೆ ಉಳಿದ ಹಣ ಕ್ಲಚ್ಚಿಗೆ ಸಾಕಾಗುತ್ತದೆ.